ಮೆಟ್ರೊ ಹತ್ತುವ ಮುನ್ನ ಮಗುವಿಗೆ ಹೇಳಿ

ಮೆಜೆಸ್ಟಿಕ್ ಮೆಟ್ರೊ ನಿಲ್ದಾಣದಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಹೋಗುವಾಗ ದೊಡ್ಡವರಿಗೇ ದಿಕ್ಕು ತಪ್ಪಿದಂತಾಗುತ್ತದೆ. ಪುಟ್ಟ ಮಗುವಿಗೆ ಅಲ್ಲಿ ಕಾಣುವುದು ಕಾಲುಗಳು, ಬ್ಯಾಗುಗಳು ಮಾತ್ರ. ಅದು ರಚ್ಚೆ ಹಿಡಿದರೆ ಹಟವೆಂದು ಗದರಬೇಡಿ. ಮುಂದೇನಾಗುತ್ತದೋ ಎಂಬ ದಿಗಿಲು ಅದು. ಅದಕ್ಕೆ ಮದ್ದು ಮನೆಯಲ್ಲೇ ಇದೆ.

ಹೊರಡುವ ಮುನ್ನ ಪ್ರಯಾಣವನ್ನು ಕಥೆಯಂತೆ ಹೇಳಿ: "ಮೊದಲು ನಮ್ಮ ಬ್ಯಾಗು ಮೆಷಿನ್ನಿನೊಳಗೆ ಹೋಗಿ ಆಚೆ ಬರುತ್ತೆ. ಟೋಕನ್ ಮುಟ್ಟಿಸಿದರೆ ಗೇಟು ತೆರೆಯುತ್ತೆ. ರೈಲು ಬರುವಾಗ ಜೋರಾಗಿ ಗಾಳಿ ಬೀಸುತ್ತೆ." ಮೂರು ಅಡಿಗಿಂತ ಕುಳ್ಳಗಿರುವ ಮಕ್ಕಳಿಗೆ ಮೆಟ್ರೊದಲ್ಲಿ ಟಿಕೆಟ್ ಬೇಡ, ಗೇಟು ದಾಟುವಾಗ ಎತ್ತಿಕೊಳ್ಳಿ.

ಎಸ್ಕಲೇಟರ್ ಬಳಿ ಒಂದು ಕ್ಷಣ ನಿಂತು ಮಗುವಿನ ಪಾದ ನೋಡಿ. ಮೆತ್ತನೆಯ ರಬ್ಬರ್ ಚಪ್ಪಲಿ ಪಕ್ಕದ ಗೋಡೆಗೆ ಉಜ್ಜಿದರೆ ಸಂದಿಗೆ ಸಿಕ್ಕಿಕೊಳ್ಳಬಹುದು. ಮೆಟ್ಟಿಲ ನಡುವೆ ನಿಲ್ಲಿಸಿ, ಕೈ ಹಿಡಿದುಕೊಳ್ಳಿ. ನಿಮ್ಮ ಸೀರೆಯ ಅಂಚನ್ನೂ ಮೇಲೆತ್ತಿಕೊಳ್ಳಿ. ತಳ್ಳುಗಾಡಿ ಇದ್ದರೆ ಲಿಫ್ಟೇ ಸರಿ.

ಪ್ಲಾಟ್‌ಫಾರಂನಲ್ಲಿ ಹಳದಿ ಪಟ್ಟಿಯ ಹಿಂದೆಯೇ ನಿಲ್ಲಬೇಕು. ಹಳಿಯ ಪಕ್ಕದ ಮೂರನೇ ಕಂಬಿಯಲ್ಲಿ 750 ವೋಲ್ಟ್ ವಿದ್ಯುತ್ ಹರಿಯುತ್ತದೆ. ಆಟಿಕೆ ಕೆಳಗೆ ಬಿದ್ದರೆ ಮಗುವೂ ಬಗ್ಗಬಾರದು, ನೀವೂ ಇಳಿಯಬಾರದು. ಸಿಬ್ಬಂದಿಯನ್ನು ಕರೆಯಿರಿ.

ಬಿಎಂಟಿಸಿ ಬಸ್ಸಿಗೆ ಸುಲಭದ ಸೂತ್ರವೊಂದಿದೆ: ಹತ್ತುವಾಗ ಮಗು ಮುಂದೆ, ಇಳಿಯುವಾಗ ನೀವು ಮುಂದೆ. ಕೈ ಮಾತ್ರ ಬಿಡಬೇಡಿ. ಬಸ್ಸು ಪೂರ್ತಿ ನಿಲ್ಲುವ ತನಕ ಸೀಟಿನಿಂದ ಏಳಬೇಡಿ.

ಇಷ್ಟಾದರೂ ಜನಜಂಗುಳಿಯಲ್ಲಿ ಕೈತಪ್ಪಬಹುದು. ಆಗ ಏನು ಮಾಡಬೇಕೆಂದು ಮೊದಲೇ ಹೇಳಿಕೊಡಿ. ಹೆದರಿಸುವ ದನಿಯಲ್ಲಲ್ಲ, ಹಲ್ಲುಜ್ಜುವುದನ್ನು ಕಲಿಸಿದಷ್ಟು ಸಹಜವಾಗಿ. "ನಾನು ಕಾಣದಿದ್ದರೆ ನೀನು ನಿಂತಲ್ಲೇ ನಿಲ್ಲು, ನಾನೇ ಬರ್ತೀನಿ. ನೀನು ರೈಲಿನೊಳಗೆ ಉಳಿದು ಬಾಗಿಲು ಮುಚ್ಚಿದರೆ, ಪಕ್ಕದವರಿಗೆ ಹೇಳಿ ಮುಂದಿನ ಸ್ಟೇಷನ್ನಿನಲ್ಲಿ ಇಳಿದು ಅಲ್ಲೇ ಕಾಯಿ." ಅಷ್ಟರಲ್ಲಿ ನೀವು ನಿಲ್ದಾಣದ ಸಿಬ್ಬಂದಿಗೆ ತಿಳಿಸಿದರೆ ಅವರು ಮುಂದಿನ ನಿಲ್ದಾಣಕ್ಕೆ ಸುದ್ದಿ ಮುಟ್ಟಿಸುತ್ತಾರೆ. ನಿಮ್ಮ ಫೋನ್ ನಂಬರ್ ಬರೆದ ಚೀಟಿ ಮಗುವಿನ ಜೇಬಿನಲ್ಲಿರಲಿ. ಮಕ್ಕಳ ಸಹಾಯವಾಣಿ 1098 ನಿಮಗೆ ನೆನಪಿರಲಿ.

ಮನೆಗೆ ಬಂದ ಮೇಲೆ ಅಜ್ಜಿಗೆ ಪ್ರಯಾಣದ ಕಥೆಯನ್ನು ಮಗುವೇ ಹೇಳಲಿ. ಎಲ್ಲಿ ತಡವರಿಸುತ್ತದೋ ಗಮನಿಸಿ. ಮುಂದಿನ ಸಲ ಹೊರಡುವ ಮುನ್ನ ಅಷ್ಟನ್ನು ಮಾತ್ರ ಮತ್ತೊಮ್ಮೆ ಹೇಳಿಕೊಟ್ಟರೆ ಸಾಕು.