ಯುಗಾದಿ ಜಗಲಿಯ ಪೋಕರ್: ಮಾಡಬೇಕಾದ್ದು, ಮಾಡಬಾರದ್ದು

ಯುಗಾದಿಗೆ ಇಸ್ಪೀಟು ಹಿಡಿಯುವ ಹಳೇ ಮೈಸೂರು ಕಡೆಯ ರೂಢಿ ತಾಳವಾಡಿಯ ಈ ಜಗಲಿಗೂ ಇದೆ. ಮೂರೆಲೆ ಆಡುತ್ತಿದ್ದವರು ಈಗ ಪೋಕರ್ ಕಲಿತಿದ್ದಾರೆ. ಎಲೆ ಜೋಡಿಸುವುದು ಬಂದಿದೆ, ಎಷ್ಟು ಕಟ್ಟಬೇಕೆಂಬುದು ಬಂದಿಲ್ಲ. ಕೂರುವ ಮುಂಚೆ ಇದನ್ನು ಓದಿ.

ಮಾಡಬೇಕಾದ್ದು

ತಲೆಗೆ 100 ಹುಣಸೆಬೀಜ ಎಣಿಸಿಕೊಳ್ಳಿ. ಮುಗಿದರೆ ಎದ್ದು ಒಬ್ಬಟ್ಟು ತಿನ್ನಿ. ಸಾಲ ಇಲ್ಲ.

ಕಟ್ಟುವ ಮುಂಚೆ ನಡುವಿನ ರಾಶಿ ನೋಡಿ. ರಾಶಿಯಲ್ಲಿ 40 ಬೀಜ ಇದ್ದಾಗ ನೀವು 20 ಕಟ್ಟಿದರೆ, ಎದುರಿನವನು ತಾನೂ 20 ಹಾಕಿ 80ರ ರಾಶಿಗೆ ಆಡುತ್ತಾನೆ. ನಾಲ್ಕರಲ್ಲಿ ಒಂದು ಸಲ ಗೆದ್ದರೂ ಅವನ ಅಸಲು ಬಂತು. 40 ಕಟ್ಟಿದರೆ ಮೂರರಲ್ಲಿ ಒಂದು ಸಲ ಗೆಲ್ಲಲೇಬೇಕು. ಅವನು ನಾಲ್ಕು ಆಟೀನು ಸೇರಿಸಿಕೊಂಡು ಐದನೆಯದಕ್ಕೆ ಕಾಯುತ್ತಿದ್ದಾನೆ, ಬೀಳಬೇಕಾದ್ದು ಕೊನೆಯ ಎಲೆ ಎನ್ನಿ. ಅವನಿಗೆ ಕಾಣದ 46 ಎಲೆಗಳಲ್ಲಿ ಆಟೀನು 9. ಐದರಲ್ಲಿ ಒಂದು ಸಲವೂ ಪೂರ್ತಿ ಬರುವುದಿಲ್ಲ. ಅರ್ಧ ರಾಶಿ ಕಟ್ಟಿದರೂ ಅವನಿಗೆ ಲೆಕ್ಕ ನಷ್ಟವೇ. ಆದರೆ ಆಟೀನು ಬಿದ್ದ ಮೇಲೆ ನಿಮ್ಮಿಂದ ಇನ್ನಷ್ಟು ಕೀಳುತ್ತಾನಲ್ಲ, ಅದಕ್ಕೆ ಮುಕ್ಕಾಲು ರಾಶಿ ಕಟ್ಟುವುದು ನನ್ನ ಪದ್ಧತಿ. 5 ಬೀಜ ಕಟ್ಟಿದಿರೋ, ಅವನಿಗೆ ಆ ಎಲೆ ಪುಕ್ಕಟೆ ತೋರಿಸಿದಂತೆ.

ಖಾಲಿ ಕೈಯಲ್ಲಿ ಹೆದರಿಸುವಾಗಲೂ ಲೆಕ್ಕ ಇರಲಿ. ಅರ್ಧ ರಾಶಿಗೆ ಅವನು ಮೂರರಲ್ಲಿ ಒಂದು ಸಲ ಎಲೆ ಎಸೆದರೆ ಸಾಕು. ಪೂರ್ತಿ ರಾಶಿಗೆ ಎರಡರಲ್ಲಿ ಒಂದು ಸಲ ಎಸೆಯಬೇಕು.

ಮಾಡಬಾರದ್ದು

ಒಳ್ಳೆ ಕೈಗೆ ದಪ್ಪ, ಬಡ ಕೈಗೆ ಸಣ್ಣ ಎಂದು ಕಟ್ಟಬಾರದು. ಎರಡು ಆಟ ನೋಡಿದವನಿಗೆ ನಿಮ್ಮ ಎಲೆ ಗೊತ್ತಾಗಿಬಿಡುತ್ತದೆ.

ಎಲೆ ಎಸೆಯದವರನ್ನು ಹೆದರಿಸಲು ಹೋಗಬಾರದು. ಹಬ್ಬಕ್ಕೆ ಬರುವ ಭಾವಂದಿರೆಲ್ಲ "ನೋಡೇಬುಡೋಣ" ಅನ್ನುವವರೇ. ಅವರ ಮುಂದೆ ಮಾತ್ರ ಮೇಲಿನ ನಿಯಮಕ್ಕೆ ರಜೆ: ಕೈ ಬಂದಾಗಷ್ಟೇ ಕಟ್ಟಿ, ದಪ್ಪಗೇ ಕಟ್ಟಿ.

ಸೋತದ್ದನ್ನು ಒಂದೇ ಆಟದಲ್ಲಿ ಎತ್ತಲು ದುಪ್ಪಟ್ಟು ಕಟ್ಟಬಾರದು. ಟೊಮೆಟೊ ಬೆಲೆ ಬಿದ್ದ ಮರುವರ್ಷ ಇಡೀ ಹೊಲಕ್ಕೆ ಟೊಮೆಟೊವನ್ನೇ ಹಾಕಿದವರು ಇಲ್ಲಿ ಕೂತಿದ್ದಾರೆ, ಅವರನ್ನೇ ಕೇಳಿ.

70 ಬೀಜ ಸುರಿದು, ಉಳಿದ 30 ಕೇಳಿದಾಗ ಎಲೆ ಎಸೆಯಬಾರದು. ದಿಂಬಂ ಘಾಟಿಯ 27 ತಿರುವಲ್ಲಿ 20 ಇಳಿದು ಗಾಡಿ ಹಿಂದಕ್ಕೆ ತಿರುಗಿಸುವವರುಂಟೆ? ಇಳಿಯುವ ಮನಸ್ಸಿಲ್ಲದಿದ್ದರೆ ಮೊದಲ ತಿರುವಿನಲ್ಲೇ ನಿಲ್ಲಿ.

ದುಡ್ಡು ಇಡಲೇಬಾರದು. ಪೋಕರ್ ಕೌಶಲದ ಆಟ ಎಂದು ಮದ್ರಾಸ್ ಹೈಕೋರ್ಟ್ 2023ರ ನವೆಂಬರಿನಲ್ಲಿ ಹೇಳಿದ್ದು ನಿಜ. ಅದನ್ನೇ ಹಿಡಿದು ವಾದಿಸುವವರು ಇದನ್ನೂ ಓದಿಕೊಳ್ಳಲಿ: 2025ರ ಆಗಸ್ಟಿನ ಕೇಂದ್ರ ಕಾಯ್ದೆ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದೋ ಅದೃಷ್ಟದ್ದೋ ಎಂದು ನೋಡದೆ, ನಿಷೇಧಿಸಿದೆ. ಫೋನಿನ ಪೋಕರ್ ಈ ಜಗಲಿಯಲ್ಲಿ ತೆರೆಯುವಂತಿಲ್ಲ.

ಎದ್ದು ಹೋಗುವಾಗ ಬೀಜ ಎಣಿಸಿ ಡಬ್ಬಿಗೆ ಹಾಕಿ. ಹೋದ ವರ್ಷ 11 ಕಮ್ಮಿ ಬಂದಿತ್ತು.