ರವೆಯೂ ತೊಲೆಯೂ
ಪರರ ದೋಷವನ್ನು ಕುರಿತು ಯೇಸುವಿನ ಬೋಧೆ

ಪರರನ್ನು ಕುರಿತು ತೀರ್ಪು ಹೇಳಬಾರದೆಂಬುದು ಯೇಸುಕ್ರಿಸ್ತನ ಬೋಧೆಗಳಲ್ಲಿ ಬಹು ಪ್ರಸಿದ್ಧವಾದುದು. ಕ್ರೈಸ್ತರಲ್ಲದವರೂ ಇದನ್ನು ಆಗಾಗ ಉದಾಹರಿಸುತ್ತಾರೆ. ಆದರೆ ಅದರ ಹಿಂದುಮುಂದಿನ ಮಾತುಗಳನ್ನು ಸೇರಿಸಿ ಓದುವವರು ವಿರಳ. ಯಾರು ಏನು ಮಾಡಿದರೂ ನಾವು ಬಾಯಿ ಮುಚ್ಚಿಕೊಂಡಿರಬೇಕೆಂದು ಕೆಲವರು ಇದರಿಂದ ತಿಳಿಯುತ್ತಾರೆ. ಮತ್ತೆ ಕೆಲವರು, ತಮ್ಮ ತಪ್ಪನ್ನು ಯಾರಾದರೂ ತೋರಿಸಿದಾಗ ಇದನ್ನೇ ಗುರಾಣಿಯಾಗಿ ಹಿಡಿಯುತ್ತಾರೆ. ಈ ಅರ್ಥಗಳು ಮೂಲಕ್ಕೆ ಹೊಂದುವುವೇ ಎಂಬುದನ್ನು ಹೊಸ ಒಡಂಬಡಿಕೆಯ ಮೂರು ಪ್ರಸಂಗಗಳ ಆಧಾರದಿಂದ ವಿಚಾರ ಮಾಡೋಣ.

ಮೊದಲನೆಯ ಪ್ರಸಂಗ ಮತ್ತಾಯನ ಸುವಾರ್ತೆಯ 7ನೆಯ ಅಧ್ಯಾಯದ ಆರಂಭದಲ್ಲಿದೆ. ಒಬ್ಬನು ತನ್ನ ಸಹೋದರನ ಕಣ್ಣಿನಲ್ಲಿ ಬಿದ್ದಿರುವ ಕಸವನ್ನು ತೆಗೆಯಲು ಮುಂದಾಗುತ್ತಾನೆ. ಅವನ ಸ್ವಂತ ಕಣ್ಣಿನಲ್ಲಾದರೋ ಒಂದು ಮರದ ದಿಮ್ಮಿಯೇ ಕುಳಿತಿದೆ. ಕನ್ನಡ ಬೈಬಲಿನಲ್ಲಿ ಇವಕ್ಕೆ ರವೆ, ತೊಲೆ ಎಂಬ ಶಬ್ದಗಳನ್ನು ಬಳಸಿದ್ದಾರೆ. ರವೆಯೆಂದರೆ ಇಲ್ಲಿ ಸಣ್ಣ ಕಣ. ತೊಲೆಯೆಂದರೆ ಮಾಳಿಗೆಯ ಭಾರ ಹೊರುವ ಮರ. ಯೇಸು ನಜರೇತಿನ ಬಡಗಿಯ ಮನೆಯಲ್ಲಿ ಬೆಳೆದವನು. ಮರದ ಹೊಟ್ಟು ಕಣ್ಣಿಗೆ ಹಾರುವುದನ್ನೂ ತೊಲೆಯನ್ನು ಹೆಗಲಿಗೇರಿಸುವುದನ್ನೂ ಕಂಡವನೇ ಇರಬೇಕು. ಈ ಚಿತ್ರವನ್ನು ಕೇಳಿದವರಿಗೆ ನಗು ಬಂದಿದ್ದರೂ ಆಶ್ಚರ್ಯವಿಲ್ಲ.

ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ತನ್ನ ತೊಲೆಯನ್ನು ತೆಗೆದುಹಾಕಿದವನಿಗೆ ದೃಷ್ಟಿ ಸ್ವಚ್ಛವಾಗುವುದೆಂದೂ, ಆಗ ಸಹೋದರನ ಕಣ್ಣಿನ ರವೆಯನ್ನು ತೆಗೆಯುವುದು ಸಾಧ್ಯವಾಗುವುದೆಂದೂ ಯೇಸು ಹೇಳುತ್ತಾನೆ. ರವೆ ಅಲ್ಲಿಯೇ ಇರಲಿ ಎಂದು ಅವನು ಹೇಳಲಿಲ್ಲ. ಕಣ್ಣು ಅತಿ ಸೂಕ್ಷ್ಮವಾದ ಅವಯವ. ಅದರೊಳಗಿನ ಕಸವನ್ನು ತೆಗೆಯುವವನಿಗೆ ತಿಳಿಯಾದ ದೃಷ್ಟಿಯೂ ಹಗುರವಾದ ಕೈಯೂ ಬೇಕು. ತೀರ್ಪನ್ನು ದೂರದಲ್ಲಿ ನಿಂತು ಹೇಳಬಹುದು; ರವೆ ತೆಗೆಯಬೇಕಾದರೆ ಹತ್ತಿರ ಬರಲೇಬೇಕು.

ಎರಡನೆಯದು ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಸಾಮ್ಯ. ಯೆರೂಸಲೇಮಿನ ದೇವಾಲಯಕ್ಕೆ ಇಬ್ಬರು ಪ್ರಾರ್ಥನೆಗಾಗಿ ಹೋಗುತ್ತಾರೆ: ಒಬ್ಬನು ಫರಿಸಾಯ, ಇನ್ನೊಬ್ಬನು ಸುಂಕದವನು. ಫರಿಸಾಯರು ಧರ್ಮಶಾಸ್ತ್ರವನ್ನು ಶ್ರದ್ಧೆಯಿಂದ ಆಚರಿಸುತ್ತಿದ್ದವರು. ಜನರಲ್ಲಿ ಅವರಿಗೆ ಮನ್ನಣೆಯಿತ್ತು. ಮೋಶೆಯ ಧರ್ಮಶಾಸ್ತ್ರವು ವಿಧಿಸಿದ ಉಪವಾಸ ವರ್ಷಕ್ಕೆ ಒಂದೇ ದಿನ; ಈತನಾದರೋ ವಾರಕ್ಕೆ ಎರಡು ಸಲ ಉಪವಾಸ ಮಾಡುವವನು, ಬಂದ ಆದಾಯದಲ್ಲೆಲ್ಲ ದಶಮಾಂಶವನ್ನು ಕೊಡುವವನು. ಸುಂಕದವರ ಸಂಗತಿ ಬೇರೆ. ರೋಮನ್ ಆಳಿಕೆಯಲ್ಲಿ ಸುಂಕದ ವಸೂಲಿಯನ್ನು ಗುತ್ತಿಗೆಗೆ ಕೊಡುವ ಪದ್ಧತಿಯಿತ್ತು. ನಿಗದಿಯಾದುದಕ್ಕಿಂತ ಹೆಚ್ಚು ಕಿತ್ತುಕೊಳ್ಳುವವರು, ಪರಕೀಯರ ಕೈಯಾಳುಗಳು ಎಂದು ಜನರು ಅವರನ್ನು ದ್ವೇಷಿಸುತ್ತಿದ್ದರು. ದ್ವೇಷಕ್ಕೆ ಕಾರಣವಿಲ್ಲದಿರಲಿಲ್ಲ.

ಫರಿಸಾಯನ ಪ್ರಾರ್ಥನೆಯಲ್ಲಿ ಸುಳ್ಳಿದೆಯೆಂದು ಕಥೆ ಎಲ್ಲಿಯೂ ಹೇಳುವುದಿಲ್ಲ. ಅವನು ದೇವರಿಗೆ ಕೃತಜ್ಞತೆಯನ್ನೂ ಹೇಳುತ್ತಾನೆ. ದೋಷವಿರುವುದು ಅವನ ಅಳತೆಗೋಲಿನಲ್ಲಿ. ದೇವರ ಮುಂದೆ ನಿಂತವನು ಹಿಂದೆ ನಿಂತಿರುವ ಸುಂಕದವನ ಪಕ್ಕದಲ್ಲಿ ತನ್ನನ್ನಿಟ್ಟು ಅಳೆದುಕೊಳ್ಳುತ್ತಾನೆ. ಆ ಅಳತೆಯಲ್ಲಿ ಅವನು ದೊಡ್ಡವನೇ. ಸುಂಕದವನಾದರೋ ತಲೆಯೆತ್ತದೆ, ಎದೆ ಬಡಿದುಕೊಂಡು, ಪಾಪಿಯಾದ ತನಗೆ ಕರುಣೆ ತೋರಬೇಕೆಂದು ಮಾತ್ರ ಬೇಡುತ್ತಾನೆ. ದೇವರ ಮೆಚ್ಚಿಕೆಯನ್ನು ಪಡೆದು ಮನೆಗೆ ಹೋದವನು ಇವನೇ ಎಂಬುದು ಯೇಸುವಿನ ನಿರ್ಣಯ. ಇವನು ಫರಿಸಾಯನಿಗಿಂತ ಒಳ್ಳೆಯವನಾಗಿದ್ದನೆಂದು ಇದರ ಅರ್ಥವಲ್ಲ. ಒಬ್ಬನು ಏನನ್ನೂ ಕೇಳಲಿಲ್ಲ. ಇನ್ನೊಬ್ಬನು ಕೇಳಿ ಪಡೆದನು. ಯೋಗ್ಯತೆಯನ್ನು ನೋಡದೆ ದೇವರು ಕೊಡುವ ಈ ದಾನಕ್ಕೇ ಕ್ರೈಸ್ತಶಾಸ್ತ್ರದಲ್ಲಿ ಕೃಪೆಯೆಂದು ಹೆಸರು.

ಇಲ್ಲಿ ಓದುಗರು ಎಚ್ಚರದಿಂದಿರಬೇಕು. ಕಥೆಯನ್ನು ಓದಿ ಮುಗಿಸಿದೊಡನೆ, ಸದ್ಯ ನಾನು ಆ ಫರಿಸಾಯನಂತಲ್ಲ ಎಂದು ನಮಗೆ ಅನಿಸುತ್ತದೆ; ಅನಿಸಿದ ಕ್ಷಣದಲ್ಲಿಯೇ ನಾವು ಅವನ ಪ್ರಾರ್ಥನೆಯನ್ನೇ ಮಾಡಿದಂತಾಯಿತು. ಇದು ಕೇವಲ ಚಮತ್ಕಾರದ ಮಾತಲ್ಲ. ಕ್ರೈಸ್ತ ದೇಶಗಳಲ್ಲಿ ಶತಮಾನಗಳ ಕಾಲ ಫರಿಸಾಯನೆಂಬ ಶಬ್ದ ಕಪಟಿಗೆ ಪರ್ಯಾಯವಾಗಿ ಬಳಕೆಯಾಯಿತು. ಯೆಹೂದ್ಯ ಜನಾಂಗವನ್ನೇ ಹಳಿಯುವುದಕ್ಕೂ ಉಪಯೋಗವಾಯಿತು. ಪರರನ್ನು ಹೀನೈಸಬೇಡಿರೆಂದು ಹೇಳಿದ ಕಥೆಯನ್ನೇ ಹೀನೈಸುವ ಆಯುಧವನ್ನಾಗಿ ಮಾಡಿಕೊಂಡರು. ವಿನಯವನ್ನು ಕೂಡ ಮನುಷ್ಯನು ತನ್ನ ಗಳಿಕೆಯೆಂದು ಎಣಿಸಿದರೆ ಅದು ಅಹಂಕಾರವಾಗಿಯೇ ಪರಿಣಮಿಸುತ್ತದೆ.

ಹಾಗಾದರೆ ನಿಜವಾದ ವಿನಯಕ್ಕೆ ಆಧಾರವೇನು? ಮೂರನೆಯ ಪ್ರಸಂಗ, ಮತ್ತಾಯನ 18ನೆಯ ಅಧ್ಯಾಯದಲ್ಲಿರುವುದು, ಇದಕ್ಕೆ ಲೆಕ್ಕದ ಮೂಲಕ ಉತ್ತರ ಕೊಡುತ್ತದೆ. ಒಬ್ಬ ಸೇವಕನು ಅರಸನಿಗೆ 10,000 ತಲಾಂತು ಸಾಲ ತೀರಿಸಬೇಕಾಗಿತ್ತು. ಅರಸನು ಕನಿಕರಪಟ್ಟು ಅಷ್ಟನ್ನೂ ಮನ್ನಾ ಮಾಡಿದನು. ಹೊರಗೆ ಬಂದ ಸೇವಕನು ತನಗೆ 100 ದಿನಾರಿ ಕೊಡಬೇಕಾಗಿದ್ದ ಜೊತೆಯವನ ಕುತ್ತಿಗೆ ಹಿಡಿದು, ಅವನನ್ನು ಸೆರೆಮನೆಗೆ ಹಾಕಿಸಿದನು. ದಿನಾರಿ ಎಂಬ ಬೆಳ್ಳಿನಾಣ್ಯವು ಕೂಲಿಯವನ ಒಂದು ದಿನದ ಸಂಬಳ. ಒಂದು ತಲಾಂತಿಗೆ ಸುಮಾರು 6,000 ದಿನಾರಿ. ಆದುದರಿಂದ ಸೇವಕನ ಸಾಲ 6 ಕೋಟಿ ದಿನದ ಕೂಲಿ. ವರ್ಷಕ್ಕೆ 300 ದಿನ ದುಡಿದರೂ ತೀರಿಸಲು 2 ಲಕ್ಷ ವರ್ಷ ಬೇಕು. ಜೊತೆಯವನ ಸಾಲವಾದರೋ ಮೂರು ನಾಲ್ಕು ತಿಂಗಳ ದುಡಿಮೆ.

ನೂರು ದಿನಾರಿ ಬಡವನಿಗೆ ಸಣ್ಣ ಮೊತ್ತವಲ್ಲವೆಂಬುದನ್ನೂ ಗಮನಿಸಬೇಕು. ಪರರಿಂದ ನಮಗಾದ ನೋವು ಸೊನ್ನೆಯೆಂದು ಕಥೆ ಹೇಳುವುದಿಲ್ಲ. ಅದು ನಿಜವಾದ ಸಾಲ. ಆದರೆ ನಮಗೆ ಮನ್ನಾ ಆದುದರ 6 ಲಕ್ಷದಲ್ಲಿ ಒಂದು ಪಾಲು. ಈ ಲೆಕ್ಕ ಮನಸ್ಸಿನಲ್ಲಿರುವವನು ವಿನಯವನ್ನು ನಟಿಸಬೇಕಾಗಿಲ್ಲ. ಲೆಕ್ಕವೇ ಅವನ ಕೈಯನ್ನು ಜೊತೆಯವನ ಕುತ್ತಿಗೆಯಿಂದ ಬಿಡಿಸುತ್ತದೆ.

ಈ ಬೋಧೆಯನ್ನು ಆಚರಣೆಗೆ ತಂದವರಲ್ಲಿ 4ನೆಯ ಶತಮಾನದ ಮೋಶೆ ಎಂಬ ತಪಸ್ವಿ ಒಬ್ಬನು. ಕಪ್ಪು ಮೋಶೆಯೆಂದೂ ಅವನನ್ನು ಕರೆಯುತ್ತಾರೆ. ಮೊದಲು ದಾಸನಾಗಿದ್ದು, ಆಮೇಲೆ ದರೋಡೆಗಾರನಾಗಿ, ಕಡೆಗೆ ಈಜಿಪ್ಟಿನ ಸ್ಕೇತಿಸ್ ಮರುಭೂಮಿಯಲ್ಲಿ ಸನ್ಯಾಸಿಯಾದವನು. ಅಲ್ಲಿಯ ಸನ್ಯಾಸಿಯೊಬ್ಬನು ತಪ್ಪು ಮಾಡಿದಾಗ ವಿಚಾರಣೆಗೆ ಸಭೆ ಸೇರಿತು. ಮೋಶೆಗೂ ಕರೆ ಹೋಯಿತು. ಅವನು ಒಪ್ಪಲಿಲ್ಲ. ಮತ್ತೆ ಕರೆದಾಗ ಸೋರುವ ಪಾತ್ರೆಯೊಂದನ್ನು ಬೆನ್ನ ಮೇಲೆ ಹೊತ್ತು ಬಂದನು. ತನ್ನ ಪಾಪಗಳು ಹಿಂದೆ ಸೋರುತ್ತ ಬರುತ್ತಿದ್ದರೂ ಕಾಣದೆ, ಇನ್ನೊಬ್ಬನ ತಪ್ಪನ್ನು ತೀರ್ಮಾನಿಸಲು ತಾನು ಬಂದಿರುವೆನೆಂದು ಹೇಳಿದನು. ಸಭೆಯವರು ಆ ಸನ್ಯಾಸಿಯನ್ನು ಕ್ಷಮಿಸಿದರೆಂದು ಸಂಪ್ರದಾಯದ ಕಥೆಯಿದೆ.

ಇನ್ನು ಒಂದು ಆಕ್ಷೇಪವನ್ನು ವಿಚಾರಿಸಬೇಕು. ಎಲ್ಲರೂ ಹೀಗೆ ಕ್ಷಮಿಸುತ್ತ ಹೋದರೆ ಅನ್ಯಾಯಕ್ಕೆ ತಡೆಯೇನು? ಹೊಸ ಒಡಂಬಡಿಕೆ ಅನ್ಯಾಯದ ಮುಂದೆ ಮೌನವನ್ನು ಕಲಿಸುವುದಿಲ್ಲ. ಯೇಸು ದೇವಾಲಯದಿಂದ ವ್ಯಾಪಾರಿಗಳನ್ನು ಹೊರಗಟ್ಟಿದನು. ಅಂತಿಯೋಕ್ಯದಲ್ಲಿ ಪೇತ್ರನು ತಪ್ಪಿ ನಡೆದಾಗ ಪೌಲನು ಎದುರಿಗೇ ಖಂಡಿಸಿದನು. ಕೃತ್ಯವನ್ನು ತಪ್ಪೆನ್ನುವುದು ಬೇರೆ. ಮನುಷ್ಯನನ್ನೇ ಇವನಿಷ್ಟೇ ಎಂದು ಮುಗಿಸಿಬಿಡುವುದು ಬೇರೆ. ಮೊದಲನೆಯದು ಕರ್ತವ್ಯ, ಎರಡನೆಯದು ದೇವರಿಗೆ ಬಿಟ್ಟ ಅಧಿಕಾರ.

ಕೃಪೆಯಿಂದ ಅನ್ಯಾಯ ಬೆಳೆಯುವುದೆಂಬ ಭಯಕ್ಕೆ ಯೆರಿಕೋ ಪಟ್ಟಣದ ಜಕ್ಕಾಯನ ವೃತ್ತಾಂತವೇ ಸಮಾಧಾನ. ಅದು ಲೂಕನ 19ನೆಯ ಅಧ್ಯಾಯದಲ್ಲಿದೆ. ಇವನು ಸುಂಕದವರ ಮುಖ್ಯಸ್ಥ, ಹಣವಂತ. ಯೇಸು ಯಾವ ಷರತ್ತನ್ನೂ ಹಾಕದೆ ಇವನ ಮನೆಗೆ ಅತಿಥಿಯಾದನು, ಜನರು ಗೊಣಗಿದರು. ಆಮೇಲೆ ಜಕ್ಕಾಯನು ತಾನಾಗಿಯೇ ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದೂ, ಮೋಸದಿಂದ ಪಡೆದುದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವೆನೆಂದೂ ಹೇಳಿದನು. ಊರಿನವರ ನಿಂದೆಯಿಂದ ಆಗದ ಕೆಲಸ ಒಂದು ಊಟದಿಂದ ಆಯಿತು.

ನಿತ್ಯಜೀವನಕ್ಕೆ ಇದನ್ನು ಅನ್ವಯಿಸಿಕೊಳ್ಳುವ ಕ್ರಮವನ್ನೂ ಮತ್ತಾಯನ 18ನೆಯ ಅಧ್ಯಾಯವೇ ಹೇಳಿದೆ. ತಪ್ಪು ಮಾಡಿದವನನ್ನು ಮೊದಲು ಏಕಾಂತದಲ್ಲಿ ಕಾಣಬೇಕು. ಅವನು ಕೇಳದಿದ್ದರೆ ಒಬ್ಬಿಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಅನಂತರವೇ ಸಭೆಗೆ ತಿಳಿಸಬೇಕು. ನಾವು ನಡೆಸುವ ಕ್ರಮ ಸಾಮಾನ್ಯವಾಗಿ ಇದಕ್ಕೆ ತಲೆಕೆಳಗು. ಒಂದು ಸಂಘದ ಲೆಕ್ಕದಲ್ಲಿ ಹಣ ಕಡಿಮೆ ಬಿದ್ದಿತೆನ್ನೋಣ. ಮೊದಲು ಜಗಲಿಯಲ್ಲಿ ಪಿಸುಮಾತು, ಆಮೇಲೆ ಮನೆಮನೆಯಲ್ಲಿ ಚರ್ಚೆ. ಕೋಶಾಧಿಕಾರಿಗೆ ಸುದ್ದಿ ಮುಟ್ಟುವುದು ಎಲ್ಲಕ್ಕೂ ಕಡೆಗೆ. ಅಷ್ಟರಲ್ಲಿ ಕೂಡಿಕೆಯ ತಪ್ಪೆಂದು ತಿಳಿದುಬಂದರೂ ಅವನ ಹೆಸರು ಮೊದಲಿನಂತಾಗುವುದಿಲ್ಲ. ನಿಜವಾಗಿ ಹಣ ತೆಗೆದಿದ್ದರೆ ಲೆಕ್ಕ ಕೇಳಬೇಕು, ಹಣ ಹಿಂದಕ್ಕೆ ಬರಬೇಕು. ಆದರೂ ಅವನಿಗೆ ತಿರುಗಿ ಬರಲು ಒಂದು ಬಾಗಿಲು ತೆರೆದಿರಬೇಕು.

ಮನನಕ್ಕೆ ಮೂರು ಪ್ರಶ್ನೆಗಳು. ನಾನು ಈಚೆಗೆ ಯಾರ ದೋಷವನ್ನು ಅವರ ಬೆನ್ನ ಹಿಂದೆ ಆಡಿದೆನೋ, ಅದನ್ನು ಅವರಿಗೇ ಹೇಳಿದ್ದೇನೆಯೇ? ಹೇಳಿದಾಗ ನನ್ನ ಕೈ ಕಣ್ಣು ಮುಟ್ಟುವಷ್ಟು ಹಗುರವಾಗಿತ್ತೇ? ನಾನು ತೀರಿಸದೆಯೇ ನನಗೆ ಮನ್ನಾ ಆದ ಸಾಲಗಳು ಯಾವುವು? ಮೂರನೆಯದಕ್ಕೆ ಉತ್ತರವನ್ನು ಮೊದಲು ಬರೆದುಕೊಂಡರೆ ಉಳಿದೆರಡು ಸುಲಭವಾಗುವುವು.