ಮಜ್ಜಿಗೆ ಹಾಕಿದ ಕುಂಡ, ಹಾಕದ ಕುಂಡ

ಸಂಕ್ರಾಂತಿ ಕಳೆಯುತ್ತಿದ್ದಂತೆ ಬೆಂಗಳೂರು, ಮೈಸೂರು ಕಡೆಯ ತಾರಸಿಗಳಲ್ಲಿ ಕರಿಬೇವಿನ ಬುಡಕ್ಕೆ ಹುಳಿ ಮಜ್ಜಿಗೆ ಬೀಳತೊಡಗುತ್ತದೆ. ಶಿವರಾತ್ರಿ ದಾಟಿ ಯುಗಾದಿ ಹತ್ತಿರವಾದಾಗ ಗಿಡದ ತುಂಬ ಎಳೆ ಚಿಗುರು. ಮಜ್ಜಿಗೆಯ ಕೀರ್ತಿ ಪಕ್ಕದ ಮನೆಗೂ ಹಬ್ಬುತ್ತದೆ. ಮಜ್ಜಿಗೆಯ ಮುಖವನ್ನೇ ಕಾಣದ ಹಿತ್ತಲಿನ ಕರಿಬೇವೂ ಅದೇ ಹೊತ್ತಿಗೆ ಚಿಗುರಿರುತ್ತದೆ, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕರಿಬೇವು ಚಳಿಗೆ ಬೆಳವಣಿಗೆ ನಿಲ್ಲಿಸಿ, ಬಿಸಿಲು ಏರಿದಾಗ ತಾನಾಗಿ ಚಿಗುರುವ ಗಿಡ.

ಗಿಡಗಳ ಬಗ್ಗೆ ನಾವು ಕೇಳುವ ಎಷ್ಟೋ ಮಾತುಗಳು ಉಳಿದುಕೊಂಡಿರುವುದು ಹೀಗೆಯೇ. ಏನೂ ಹಾಕದ ಇನ್ನೊಂದು ಕುಂಡವನ್ನು ಪಕ್ಕದಲ್ಲಿಟ್ಟು ನೋಡಿದವರು ಕಡಿಮೆ. ಅಜ್ಜಿ ಹೇಳಿದ್ದೆಲ್ಲ ಸುಳ್ಳಲ್ಲ, ಯೂಟ್ಯೂಬ್ ಹೇಳಿದ್ದೆಲ್ಲ ನಿಜವೂ ಅಲ್ಲ. ಎರಡನ್ನೂ ಮನೆಯಲ್ಲೇ ಜರಡಿ ಹಿಡಿಯುವ ಕ್ರಮ ಇಲ್ಲಿದೆ.

ಹೆಜ್ಜೆ 1: ಮಾತನ್ನು ಬರೆದುಕೊಳ್ಳಿ

‘ಬಾಳೆಹಣ್ಣಿನ ಸಿಪ್ಪೆ ಗಿಡಕ್ಕೆ ಒಳ್ಳೇದು’ ಎಂದರೆ ಪರೀಕ್ಷಿಸಲು ಅಲ್ಲಿ ಏನೂ ಇಲ್ಲ. ಯಾವ ಗಿಡಕ್ಕೆ, ಎಷ್ಟು, ಎಷ್ಟು ದಿನಕ್ಕೊಮ್ಮೆ, ಹಾಕಿದರೆ ಏನಾಗಬೇಕು? ಈ ನಾಲ್ಕನ್ನೂ ಹೇಳಿದವರಿಗೇ ಕೇಳಿ. ಅರ್ಧಕ್ಕರ್ಧ ಮಾತುಗಳು ಇಲ್ಲಿಯೇ ಉದುರಿ ಹೋಗುತ್ತವೆ.

‘ಮನಿ ಪ್ಲಾಂಟ್ ಕದ್ದು ತಂದರೇ ಚೆನ್ನಾಗಿ ಬರುವುದು’ ಎಂಬುದನ್ನೂ ಹೀಗೆ ಬರೆದು ನೋಡಿ. ಕದಿಯುವವರು ಸಾಮಾನ್ಯವಾಗಿ ಕಾಂಪೌಂಡಿನಿಂದ ಹೊರಗೆ ಇಳಿಬಿದ್ದ, ಚೆನ್ನಾಗಿ ಬೆಳೆದ ಬಳ್ಳಿಯನ್ನೇ ಕೀಳುತ್ತಾರೆ. ಅದರ ಗಿಣ್ಣುಗಳಲ್ಲಿ ಬೇರಿನ ಮೊಳಕೆ ಆಗಲೇ ಇರುತ್ತದೆ. ಗಿಣ್ಣಿಲ್ಲದ ಬರೀ ಎಲೆಯನ್ನು ಕದ್ದು ತಂದು ನೀರಿನಲ್ಲಿಟ್ಟರೆ ಹೊಸ ಬಳ್ಳಿ ಬರುವುದಿಲ್ಲ. ಕೇಳಿ ತಂದರೂ ಗಿಣ್ಣಿನ ಕೆಳಗೆ ಕತ್ತರಿಸಿ ತನ್ನಿ, ಅಷ್ಟೇ.

ಹೆಜ್ಜೆ 2: ಹೇಗೆ, ಎಷ್ಟು ಎಂದು ಕೇಳಿ

‘ಹೇಗೆ’ ಎಂಬುದಕ್ಕೆ ಉತ್ತರ ಸಿಕ್ಕಿದ ಕೂಡಲೇ ನಾವು ಸಮಾಧಾನಪಟ್ಟುಬಿಡುತ್ತೇವೆ. ‘ಎಷ್ಟು’ ಎಂಬ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಗಾಳಿ ಶುದ್ಧ ಮಾಡುವ ಗಿಡಗಳ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 1989ರಲ್ಲಿ ಅಮೆರಿಕದ ನಾಸಾ ಪರವಾಗಿ ಬಿ.ಸಿ. ವೊಲ್ವರ್ಟನ್ ಮತ್ತು ಸಂಗಡಿಗರು ಮನೆಯೊಳಗೆ ಬೆಳೆಸುವ ಗಿಡಗಳನ್ನು ಸಣ್ಣ, ಗಾಳಿಯಾಡದ ಪೆಟ್ಟಿಗೆಗಳಲ್ಲಿಟ್ಟು ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಆವಿಗಳು ಕಡಿಮೆಯಾಗುವುದನ್ನು ತೋರಿಸಿದರು. ಅದು ನಿಜ. ಆದರೆ ನಮ್ಮ ಮನೆಗಳು ಮುಚ್ಚಿದ ಪೆಟ್ಟಿಗೆಗಳಲ್ಲ. ಕಿಟಕಿ, ಬಾಗಿಲ ಸಂದಿಯಿಂದ ಗಾಳಿ ಬದಲಾಗುತ್ತಲೇ ಇರುತ್ತದೆ. 2019ರಲ್ಲಿ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು ಹಳೆಯ ಪ್ರಯೋಗಗಳ ಅಂಕಿಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿದರು. ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟೇ ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ 10ರಿಂದ 1000 ಗಿಡ ಬೇಕು ಎಂಬುದು ಅವರ ಲೆಕ್ಕ. ಅಷ್ಟು ಇಟ್ಟರೆ ಮಂಚಕ್ಕೆ ಜಾಗ ಉಳಿಯುವುದಿಲ್ಲ. ಸ್ನೇಕ್ ಪ್ಲಾಂಟ್ ಚೆಂದ ಕಾಣುತ್ತದೆ, ನೀರು ಮರೆತರೂ ಸಾಯುವುದಿಲ್ಲ. ಕೊಳ್ಳಲು ಇಷ್ಟು ಕಾರಣ ಸಾಲದೇ?

ತುಳಸಿ, ಅಶ್ವತ್ಥ, ಸ್ನೇಕ್ ಪ್ಲಾಂಟ್ ರಾತ್ರಿಯೂ ಆಮ್ಲಜನಕ ಬಿಡುತ್ತವೆ ಎಂಬ ಮಾತು ‘ಹೇಗೆ’ ಎಂಬಲ್ಲಿಯೇ ನಿಂತುಹೋಗುತ್ತದೆ. ಗಿಡ ಬಿಡುವ ಆಮ್ಲಜನಕ ಬರುವುದು ಬೆಳಕಿನ ಬಲದಿಂದ ನೀರನ್ನು ಒಡೆದಾಗ. ಬೆಳಕಿಲ್ಲದಿದ್ದರೆ ಆ ಕೆಲಸವೂ ಇಲ್ಲ. ಸ್ನೇಕ್ ಪ್ಲಾಂಟ್‌ನಂಥವು ರಾತ್ರಿ ಪತ್ರರಂಧ್ರ ತೆರೆದು ಇಂಗಾಲದ ಡೈ ಆಕ್ಸೈಡ್ ಕೂಡಿಟ್ಟುಕೊಳ್ಳುವುದು ನಿಜ, ಆದರೆ ಆಮ್ಲಜನಕ ಹೊರಬೀಳುವುದು ಹಗಲಿನಲ್ಲೇ. ಮಲಗುವ ಕೋಣೆಯಲ್ಲಿ ಗಿಡವಿದ್ದರೆ ಉಸಿರುಗಟ್ಟುತ್ತದೆ ಎಂಬ ಎದುರು ಪಕ್ಷದ ಹೆದರಿಕೆಗೂ ಹುರುಳಿಲ್ಲ. ಗಿಡಕ್ಕಿಂತ ಎಷ್ಟೋ ಪಾಲು ಹೆಚ್ಚು ಇಂಗಾಲದ ಡೈ ಆಕ್ಸೈಡನ್ನು ಪಕ್ಕದಲ್ಲಿ ಮಲಗಿದವರೇ ಬಿಡುತ್ತಾರೆ. ಅವರನ್ನು ಯಾರೂ ಹೊರಗೆ ಕಳಿಸುವುದಿಲ್ಲವಲ್ಲ.

ಮೊಟ್ಟೆ ಚಿಪ್ಪಿನದೂ ಪ್ರಮಾಣದ ಪ್ರಶ್ನೆಯೇ. ಚಿಪ್ಪಿನಲ್ಲಿ ಇರುವುದು ಸುಣ್ಣದ ಅಂಶ. ತುಂಡು ಮಾಡಿ ಉದುರಿಸಿದ ಚಿಪ್ಪು ವರ್ಷವಾದರೂ ಮಣ್ಣಿನಲ್ಲಿ ಹಾಗೆಯೇ ಸಿಗುತ್ತದೆ. ಮಿಕ್ಸಿಯಲ್ಲಿ ಹಿಟ್ಟು ಮಾಡಿ ಮಲೆನಾಡು, ಕರಾವಳಿಯ ಹುಳಿ ಮಣ್ಣಿಗೆ ಸೇರಿಸಿದರೆ ನಿಧಾನವಾಗಿ ಒಂದಿಷ್ಟು ಉಪಯೋಗವಿದೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುವುದಕ್ಕೆ ಮಾತ್ರ ಚಿಪ್ಪನ್ನು ನಂಬಿ ಕೂರಬೇಡಿ. ಕುಂಡದಲ್ಲಿ ಹಾಗಾಗಲು ಹೆಚ್ಚಿನ ಸಲ ಕಾರಣ ನೀರು ಒಂದು ದಿನ ಹೆಚ್ಚು, ಮೂರು ದಿನ ಇಲ್ಲ ಎಂಬ ಅವಸ್ಥೆ. ಸುಣ್ಣ ಕಾಯಿಯವರೆಗೆ ತಲುಪಬೇಕಾದರೆ ನೀರಿನ ಜೊತೆಗೇ ಏರಬೇಕು.

ಹೆಜ್ಜೆ 3: ಮದ್ದಿಗೆ ಮೊದಲು ಎಲೆ ನೋಡಿ

ಮತ್ತೆ ಕರಿಬೇವಿಗೆ ಬರೋಣ. ಹಳದಿಯಾಗಿರುವುದು ತುದಿಯ ಹೊಸ ಎಲೆಯೇ, ಕೆಳಗಿನ ಹಳೆಯ ಎಲೆಯೇ? ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದ ಕೊರತೆ. ಕೆಳಗಿನ ಎಲೆ ಇಡಿಯಾಗಿ ಹಳದಿಗಟ್ಟಿದ್ದರೆ ಸಾರಜನಕ ಸಾಲದು, ಇಲ್ಲವೇ ಬೇರು ನೀರಿನಲ್ಲಿ ಕೊಳೆಯುತ್ತಿದೆ. ಬೋರ್‌ವೆಲ್ಲಿನ ಗಡಸು ನೀರು ಹಾಕುವ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿರುತ್ತದೆ. ಅಂಥ ಮಣ್ಣು ಕ್ಷಾರವಾಗುತ್ತಾ ಹೋಗಿ, ಕಬ್ಬಿಣ ಇದ್ದರೂ ಬೇರಿಗೆ ಸಿಗದ ಹಾಗಾಗುತ್ತದೆ. ಮಜ್ಜಿಗೆಯ ಹುಳಿ ಸ್ವಲ್ಪ ಹೊತ್ತು ಅದನ್ನು ಸಡಿಲಿಸಬಹುದು, ಆದರೆ ನಾಳೆ ಮತ್ತೆ ಅದೇ ಗಡಸು ನೀರು ಹಾಕಿದರೆ ಲೆಕ್ಕ ಮೊದಲಿನಂತೆಯೇ. ಹೀಗಾಗಿ ನನ್ನ ಮಟ್ಟಿಗೆ ಮಜ್ಜಿಗೆ ಪೂರ್ತಿ ಸುಳ್ಳಲ್ಲ, ತನ್ನ ಪಾಲಿಗಿಂತ ಹೆಚ್ಚು ಹೆಸರು ಪಡೆದದ್ದು. ಮಳೆ ನೀರು ಹಿಡಿದಿಟ್ಟು ಹಾಕುವುದು, ಎರೆಗೊಬ್ಬರ, ಕೊರತೆ ಎದ್ದು ಕಂಡರೆ ನರ್ಸರಿಯಲ್ಲಿ ಸಿಗುವ ಚಿಲೇಟ್ ರೂಪದ ಕಬ್ಬಿಣ, ಇವು ಅದಕ್ಕಿಂತ ನೆಚ್ಚಬಹುದಾದ ದಾರಿಗಳು. ಗಿಡ ಪೊದೆಯಂತೆ ಕವಲೊಡೆಯಬೇಕಾದರೆ ತುದಿ ಚಿವುಟುವುದಕ್ಕೆ ಸಮನಾದ ಮದ್ದಿಲ್ಲ. ಮಜ್ಜಿಗೆ ಹಾಕಲೇಬೇಕೆಂದರೆ ಉಪ್ಪು, ಒಗ್ಗರಣೆ ಹಾಕಿದ್ದನ್ನು ಸುರಿಯಬೇಡಿ.

ಹೆಜ್ಜೆ 4: ಜೋಡಿ ಕುಂಡ

ಇಲ್ಲಿ ಅವಸರ ಬೇಡ. ಒಂದೇ ನರ್ಸರಿಯ, ಒಂದೇ ಎತ್ತರದ ಆರು ಸಸಿ ತನ್ನಿ. ಒಂದೇ ಅಳತೆಯ ಆರು ಕುಂಡಗಳಿಗೆ ಒಂದೇ ರಾಶಿಯಿಂದ ಮಣ್ಣು ತುಂಬಿ. ಎರಡೇ ಕುಂಡ ಇಟ್ಟರೆ, ಬೇರುಹುಳ ಬಿದ್ದು ಒಂದು ಸತ್ತರೂ ತೀರ್ಪು ತಪ್ಪಾಗುತ್ತದೆ. ಅದಕ್ಕೇ ಕನಿಷ್ಠ ಮೂರು ಜೋಡಿ.

ಯಾವ ಕುಂಡಕ್ಕೆ ಏನು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಇಲ್ಲದಿದ್ದರೆ ಚೆನ್ನಾಗಿರುವ ಸಸಿಗೇ ಮಜ್ಜಿಗೆ ಹಾಕಲು ಕೈ ಹೋಗುತ್ತದೆ. ಮೂರಕ್ಕೆ ಒಂದು ಲೋಟ ಮಜ್ಜಿಗೆಗೆ ಹತ್ತು ಲೋಟ ನೀರಿನ ಲೆಕ್ಕದಲ್ಲಿ ಬೆರೆಸಿ ಹಾಕಿ. ಉಳಿದ ಮೂರಕ್ಕೆ ಅದೇ ದಿನ, ಅಷ್ಟೇ ಅಳತೆಯ ಬರೀ ನೀರು. ಈ ಬರೀ ನೀರನ್ನು ಮರೆಯಬಾರದು. ಎಷ್ಟೋ ‘ಟಾನಿಕ್’ಗಳ ಗುಣವೆಲ್ಲ ಅದನ್ನು ಬೆರೆಸಿದ ನೀರಿನದೇ. ವಾರಕ್ಕೊಮ್ಮೆ ಕುಂಡಗಳ ಜಾಗ ಅದಲು ಬದಲು ಮಾಡಿ; ತಾರಸಿಯ ಒಂದು ಮೂಲೆಗೂ ಇನ್ನೊಂದಕ್ಕೂ ಬಿಸಿಲಿನಲ್ಲಿ ಎಷ್ಟೊಂದು ವ್ಯತ್ಯಾಸವಿರುತ್ತದೆ ಎಂಬುದು ಆಗಲೇ ಗೊತ್ತಾಗುವುದು. ಹದಿನೈದು ದಿನಕ್ಕೊಮ್ಮೆ ಎತ್ತರ ಅಳೆದು, ಹೊಸ ಎಲೆ ಎಣಿಸಿ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಕೊನೆಗೆ ಯಾವುದಕ್ಕೆ ಏನು ಹಾಕಿದ್ದೀರಿ ಎಂದು ಗೊತ್ತಿಲ್ಲದ ಒಬ್ಬರನ್ನು ಕರೆದು, ಯಾವುದು ಚೆನ್ನಾಗಿದೆ ಎಂದು ಕೇಳಿ.

ಕರಿಬೇವಿಗೆ ಎರಡು ಮೂರು ತಿಂಗಳು ಬೇಕು. ಅಷ್ಟು ತಾಳ್ಮೆ ಇಲ್ಲದವರು ಮೆಂತ್ಯ ಬಿತ್ತಿ ನೋಡಬಹುದು, ಮೂರು ವಾರದಲ್ಲಿ ಫಲಿತಾಂಶ ಸಿಗುತ್ತದೆ. ಅಕ್ಕಿ ತೊಳೆದ ನೀರು, ಬಾಳೆ ಸಿಪ್ಪೆ ನೆನೆಸಿದ ನೀರು, ಕಾಫಿ ಗಸಿ ಎಲ್ಲಕ್ಕೂ ಈ ಕ್ರಮ ಹೊಂದುತ್ತದೆ. ಹಾಲು ಸಕ್ಕರೆ ಸೇರಿದ ಟೀ ಚರಟವನ್ನು ಮಾತ್ರ ತೊಳೆಯದೆ ಹಾಕಬೇಡಿ, ಗಿಡಕ್ಕಿಂತ ಮೊದಲು ಇರುವೆ ಬರುತ್ತದೆ.

ಐದು ನಿಮಿಷದಲ್ಲಿ ಮುಗಿಯುವ ಪರೀಕ್ಷೆ

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಎಂಬ ಮಾತಿಗೆ ತಿಂಗಳು ಕಾಯಬೇಕಿಲ್ಲ. ಪಾತ್ರೆ ತೊಳೆಯುವ ದಪ್ಪ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಡ್ಡವಾಗಿ ಹಿಡಿಯಿರಿ. ತೊಟ್ಟಿಕ್ಕುವುದು ನಿಂತ ಮೇಲೆ ಹಿಂಡದೆ ಉದ್ದಕ್ಕೆ ನಿಲ್ಲಿಸಿ. ಮತ್ತಷ್ಟು ನೀರು ಇಳಿಯುತ್ತದೆ. ಎತ್ತರ ಹೆಚ್ಚಿದಷ್ಟೂ ಬಸಿಯುವುದು ಹೆಚ್ಚು. ಎಷ್ಟೇ ಬಸಿದರೂ ಅಡಿಯಲ್ಲೊಂದು ಪದರ ಒದ್ದೆಯಾಗಿಯೇ ಉಳಿಯುತ್ತದೆ. ಕುಂಡದ ಮಣ್ಣೂ ಹೀಗೆಯೇ. ಸಣ್ಣ ಕಣದ ಮಣ್ಣು ಪೂರ್ತಿ ತೊಯ್ಯುವವರೆಗೆ ನೀರು ದಪ್ಪ ಜಲ್ಲಿಗೆ ಇಳಿಯುವುದಿಲ್ಲ. ಜಲ್ಲಿ ಹಾಕಿದರೆ ಆ ಒದ್ದೆ ಪದರವೇ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಏರುತ್ತದೆ. ತೂತಿನ ಮೇಲೆ ಒಂದು ಹೆಂಚಿನ ಚೂರು ಇಡುವುದು ಮಣ್ಣು ಹೋಗದಿರಲು, ಅದು ಸರಿ. ನೀರು ನಿಲ್ಲುವುದು ತಪ್ಪಬೇಕಾದರೆ ಮಣ್ಣಿಗೇ ದಪ್ಪ ಮರಳು, ಕೋಕೋಪೀಟ್, ಗೊಬ್ಬರ ಬೆರೆಸಿ ಸಡಿಲ ಮಾಡಬೇಕು.

ನಡುಮಧ್ಯಾಹ್ನ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಂತೆ ಎಲೆ ಸುಡುತ್ತವೆ ಎನ್ನುವುದನ್ನು ಹಂಗೆರಿಯ ವಿಜ್ಞಾನಿಗಳ ತಂಡ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿತು. ನುಣುಪಾದ ಎಲೆಗಳನ್ನು ಹನಿ ಸುಡುವುದಿಲ್ಲ. ಹನಿಯನ್ನು ಮೇಲೆತ್ತಿ ಹಿಡಿಯುವ ರೋಮಗಳಿರುವ ಎಲೆಯಲ್ಲಿ ಮಾತ್ರ ಅದು ಸಾಧ್ಯ. ನಮ್ಮ ತಾರಸಿಗಳಲ್ಲಿ ಗಿಡ ಬೇಯುವುದು ಹನಿಯಿಂದಲ್ಲ, ಬಿಸಿಲಲ್ಲಿ ಬಿದ್ದ ಪೈಪಿನೊಳಗೆ ಕಾದ ನೀರಿನಿಂದ. ಮೊದಲ ಬಕೆಟ್ ಬೇರೆಡೆ ಬಿಟ್ಟು ಆಮೇಲೆ ಹಾಕಿ.

ಅರ್ಧ ನಿಜಗಳು

ಇವುಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಚೆಂಡು ಹೂವಿದ್ದರೆ ಹುಳು ಬರುವುದಿಲ್ಲ ಎನ್ನುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಟೊಮೆಟೊ ಹೊಲಕ್ಕೆ ಸೂಚಿಸಿರುವುದು ಇದಕ್ಕೆ ಪೂರ್ತಿ ಉಲ್ಟಾ. ಕಾಯಿಕೊರಕದ ಪತಂಗ ಟೊಮೆಟೊ ಬಿಟ್ಟು ಚೆಂಡು ಹೂವಿನ ಮೇಲೆ ಮೊಟ್ಟೆ ಇಡಲಿ ಎಂದೇ ಅದನ್ನು ಬಲೆ ಬೆಳೆಯಾಗಿ ನೆಡುವುದು. 16 ಸಾಲು ಟೊಮೆಟೊಗೆ ಒಂದು ಸಾಲು, ಟೊಮೆಟೊ ಸಸಿ 25 ದಿನದ್ದಾದರೆ ಚೆಂಡು ಹೂವಿನದು 45 ದಿನದ್ದು, ಎರಡೂ ಒಟ್ಟಿಗೆ ಹೂ ಬಿಡಲಿ ಎಂದು. ಕುಂಡದಲ್ಲಿ ಒಂದು ಚೆಂಡು ಹೂ ಇಟ್ಟವರು ಹುಳು ಓಡಿಸುತ್ತಿಲ್ಲ, ಕರೆಯುತ್ತಿದ್ದಾರೆ. ಹುಳು ಬಿದ್ದ ಮೊಗ್ಗನ್ನು ಕಿತ್ತು ಹಾಕಿದರೆ ಮಾತ್ರ ಲಾಭ.

ಬೂದಿ ರೋಗಕ್ಕೆ ಹಾಲು ಸಿಂಪಡಿಸುವುದಕ್ಕೆ ಆಧಾರವಿದೆ. ಬ್ರೆಜಿಲ್‌ನಲ್ಲಿ ವಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೂರಕ್ಕೆ 10 ಭಾಗ ಹಾಲು ಬೆರೆಸಿದ ನೀರು ಜುಕಿನಿ ಗಿಡದ ಬೂದಿ ರೋಗವನ್ನು ಹತೋಟಿಗೆ ತಂದಿತು. ಆದರೆ ದಾಸವಾಳದ ಮೇಲಿನ ಬಿಳಿಗೆ ಹಾಲು ಸುರಿಯಬೇಡಿ. ಹತ್ತಿಯಂತೆ ಗುಪ್ಪೆಯಾಗಿದ್ದರೆ ಅದು ಹಿಟ್ಟು ತಿಗಣೆ. ನೀರಿನ ರಭಸಕ್ಕೆ ತೊಳೆದು, ಸೋಪಿನ ನೀರಿನಲ್ಲಿ ಕದಡಿದ ಬೇವಿನ ಎಣ್ಣೆಯನ್ನು ಸಂಜೆ ಸಿಂಪಡಿಸಿ.

ಮಜ್ಜಿಗೆ ಹುಲ್ಲು, ತುಳಸಿ ಇಟ್ಟರೆ ಸೊಳ್ಳೆ ಬಾರದೆಂಬುದೂ ಅರ್ಧ ನಿಜ. ಎಣ್ಣೆ ತೆಗೆದು ಹಚ್ಚಿದರೆ ಸ್ವಲ್ಪ ಹೊತ್ತು ನಡೆಯುತ್ತದೆ, ಗಿಡ ಸುಮ್ಮನೆ ನಿಂತರೆ ಇಲ್ಲ. ಬದಲಿಗೆ ಕುಂಡದ ಕೆಳಗಿನ ತಟ್ಟೆ, ಮನಿ ಪ್ಲಾಂಟ್ ಬಾಟಲಿಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ ಉಜ್ಜಿ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಅಲ್ಲಿಯೇ.

ಪರೀಕ್ಷಿಸಬಾರದ್ದು

ವಿಷದ ವಿಚಾರದಲ್ಲಿ ಪ್ರಯೋಗ ಬೇಡ. ಕಣಗಿಲೆಯ ಎಲೆ, ಹೂ, ಕಾಂಡ ಎಲ್ಲವೂ ಹೃದಯದ ಬಡಿತ ಕೆಡಿಸಬಲ್ಲವು. ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ 2024ರ ಮೇ ತಿಂಗಳಲ್ಲಿ ನೈವೇದ್ಯ, ಪ್ರಸಾದದಲ್ಲಿ ಆ ಹೂವಿನ ಬಳಕೆ ನಿಲ್ಲಿಸಿತು. ಡಿಫೆನ್‌ಬೇಕಿಯಾ ಕಚ್ಚಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ. ಎರಡನ್ನೂ ಮಗುವಿನ ಕೈಗೆ ಎಟುಕದಂತೆ ಇಡಿ. ಏನಾದರೂ ನುಂಗಿದ್ದರೆ ಮನೆಮದ್ದು ಮಾಡುತ್ತಾ ಕೂರದೆ, ಗಿಡದ ಒಂದು ತುಂಡನ್ನೂ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ.

ಯಾರನ್ನು ಕೇಳುವುದು?

ಗೊಬ್ಬರದ ಚೀಲದ ಮೇಲೆ ಸಾರಜನಕ, ರಂಜಕ, ಪೊಟ್ಯಾಷ್ ಎಷ್ಟೆಂದು ಬರೆಯದೆ ‘ಅದ್ಭುತ’ ಎಂದಷ್ಟೇ ಬರೆದಿದ್ದರೆ ಅಲ್ಲೇ ಇಟ್ಟು ಬನ್ನಿ. ಸಂಶಯ ಉಳಿದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯ ಕಚೇರಿಗೆ ಹೋಗಬಹುದು. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಉತ್ತರ ಸಿಗುತ್ತದೆ. ಕರೆ ಮಾಡುವ ಮುಂಚೆ ಗಿಡದ ವಯಸ್ಸು, ಕುಂಡದ ಅಳತೆ, ಎಂಥ ನೀರು, ಕಳೆದ ಒಂದು ತಿಂಗಳಲ್ಲಿ ಏನೇನು ಹಾಕಿದ್ದೀರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಕಚೇರಿಗೆ ಹೋಗುವುದಾದರೆ ರೋಗದ ಎಲೆಯ ಜೊತೆಗೆ ಅದೇ ಗಿಡದ ಒಂದು ಒಳ್ಳೆಯ ಎಲೆಯನ್ನೂ ಒಯ್ಯಿರಿ.